ಮಡಿಲಿಗೆ ಹಾಕಿದ ಉಪ್ಪು

ಕಾಗದ ಮುಂದಿಟ್ಟು ಯಾರಾದರೂ ನಗುತ್ತಾ ಸಹಿ ಕೇಳಿದರೆ ನಾನು ಮೊದಲು ಕಾಗದ ನೋಡುವುದಿಲ್ಲ, ಅವರ ಮುಖ ನೋಡುತ್ತೇನೆ. ಎರಡು ಮಕ್ಕಳ ತಾಯಿಯಾಗಿದ್ದಾಗ ಹೊಳೆನರಸೀಪುರದ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನನ್ನ ಅಣ್ಣಂದಿರಿಬ್ಬರು ನಗುನಗುತ್ತಲೇ ನನ್ನ ಸಹಿ ತೆಗೆದುಕೊಂಡರು. ಅಪ್ಪ ಹೋದ ಮೇಲೆ ಖಾತೆ ಬದಲಾಯಿಸಬೇಕು, ಅಷ್ಟೇ ಅಂದರು. ಆಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದರು, ಬಸ್ಸಿನವರೆಗೂ ಬಂದು ಕಿಟಕಿ ಪಕ್ಕ ಕೂರಿಸಿದರು. ಅದು ಹಕ್ಕು ಬಿಡುಗಡೆ ಪತ್ರ, ಅಪ್ಪನ ಗದ್ದೆಯಲ್ಲಿ ನನಗೆ ಪಾಲು ಬೇಡವೆಂದು ನಾನೇ ಬರೆದುಕೊಟ್ಟಿದ್ದೇನೆ ಎಂಬುದು ತಿಳಿಯುವ ಹೊತ್ತಿಗೆ ಆ ದೋಸೆಯ ರುಚಿಯೂ ಮರೆತಿತ್ತು. ನಾನು ನಾಲ್ಕನೇ ಕ್ಲಾಸು ಓದಿದವಳು. ಅಕ್ಷರ ಕೂಡಿಸಿಕೊಂಡು ಓದಬಹುದಿತ್ತು. ಅಣ್ಣಂದಿರ ಮುಂದೆ ಕಾಗದ ಓದುತ್ತಾ ಕೂತರೆ ಚೆನ್ನಾಗಿರುವುದಿಲ್ಲ ಅಂದುಕೊಂಡು ಓದಲಿಲ್ಲ. ಅವರು ಮಾಡಿದ್ದು ಅವರ ತಪ್ಪು. ಓದದೆ ಹೋದದ್ದು ನನ್ನದು.

ಅದಕ್ಕೇ ಮಗಳ ಮಗಳು ಪಿಎಚ್‌ಡಿ ಮಾಡುತ್ತೇನೆಂದು ಹೊರಟು, ಅದರ ಮೊದಲ ಕಾಗದವನ್ನು ತಂದು ನನ್ನ ಮುಂದೆಯೇ ಇಟ್ಟಾಗ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದೇವೆ. ಅವಳ ಈ ಮಗಳು ಹಾಸನದಲ್ಲಿ ಪಿ.ಜಿ.ಯೊಂದರಲ್ಲಿ ಇದ್ದುಕೊಂಡು ಓದುತ್ತಾಳೆ. ನಾನು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದೇನೆ. ಮೊಮ್ಮಗಳ ಎಂ.ಎ. ಮುಗಿದಿತ್ತು. ಕೆಲಸಕ್ಕೆ ಸೇರಬಹುದಿತ್ತು, ಮದುವೆಯಾಗಬಹುದಿತ್ತು. ಎರಡನ್ನೂ ಬಿಟ್ಟು ಇನ್ನೂ ಐದು ವರ್ಷ ಓದುತ್ತೇನೆ ಅಂದಳು. ಏನು ಓದುತ್ತೀ ಅಂದರೆ, ನಮ್ಮ ಕಡೆ ಹೆಂಗಸರ ಮದುವೆ ಪದ, ಸೋಬಾನೆ, ಅದರಲ್ಲಿರುವ ಮಾತು ಅಂದಳು. ನಾನು ನಂಬಲಿಲ್ಲ. ಚಪ್ಪರದ ಕೆಳಗೆ ಎಲೆ ಅಡಿಕೆ ಜಗಿಯುತ್ತಾ ನಾವು ಹಾಡಿದ್ದನ್ನು ಯಾರಾದರೂ ಐದು ವರ್ಷ ಕೂತು ಓದುತ್ತಾರೆಯೇ, ಹಾಗೆ ಓದಿದವರನ್ನು ಡಾಕ್ಟರು ಅಂತ ಕರೆಯುತ್ತಾರೆಯೇ. ಇದರ ಹಿಂದೆ ಬೇರೆ ಏನೋ ಇರಬೇಕು, ಯಾವನೋ ಹುಡುಗ ಇರಬೇಕು ಅನ್ನಿಸಿತು. ಮಗಳಿಗೆ ಫೋನು ಮಾಡಿದೆ. ಅವಳಿಗೂ ಅದೇ ಅನುಮಾನವಿತ್ತಂತೆ. ಇಬ್ಬರೂ ಆರು ತಿಂಗಳು ಕಾದೆವು. ಹುಡುಗ ಕಾಣಿಸಲಿಲ್ಲ, ಪುಸ್ತಕಗಳೇ ಕಾಣಿಸಿದವು.

ಮೊದಲ ಸಲ ಅವಳು ಒಬ್ಬಳೇ ಬಂದಳು. ಕಾಗದದಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಹಾಡನ್ನು ರೆಕಾರ್ಡ್ ಮಾಡಿಕೊಳ್ಳಲು, ಬರೆದುಕೊಳ್ಳಲು ನನ್ನ ಒಪ್ಪಿಗೆ ಇದೆ ಎಂದು ಬರೆದಿದೆ, ಕೆಳಗೆ ಸಹಿ ಹಾಕಬೇಕು, ಅಷ್ಟೇ ಅಂದಳು.

“ಬರೀ ಫಾರ್ಮಾಲಿಟಿ ಅಜ್ಜಿ.”

“ಖಾತೆ ಬದ್ಲಾವಣೇನೂ ಬರೀ ಅಂಗೇ ಇತ್ತು ಕಣವ್ವ,” ಅಂದೆ.

ಅವಳಿಗೆ ಆ ಕತೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಒತ್ತಾಯ ಮಾಡದೆ ಕಾಗದವನ್ನು ಫೈಲಿಗೆ ಸೇರಿಸಿ, ಹಾಗಾದರೆ ಬಾಯಲ್ಲಿ ಹೂಂ ಅನ್ನು, ಸದ್ಯಕ್ಕೆ ಸಾಕು ಅಂದಳು. ಫೋನನ್ನು ಮೊರದ ಮೇಲೆ ಇಟ್ಟಳು. ಈಗಲೂ ಕೇಳಿಸಿಕೊಳ್ಳುತ್ತಿದೆಯಾ ಅಂದೆ. ಕೆಂಪು ಚುಕ್ಕೆ ಇದ್ದರೆ ಕೇಳಿಸಿಕೊಳ್ಳುತ್ತದೆ ಅಂದಳು. ಅವತ್ತಿನಿಂದ ಬಾಯಿ ತೆಗೆಯುವ ಮುಂಚೆ ಕೆಂಪು ಚುಕ್ಕೆ ನೋಡುವುದನ್ನು ಕಲಿತೆ.

ಆಗಲೂ ಅದರ ಮುಂದಿನ ಸಲವೂ ಸರಿಯಾಗಿಯೇ ಹಾಡಿದೆ. ಅರಿಶಿನ ಹಚ್ಚುವ ಪದ, ಹಸೆಗೆ ಕರೆಯುವ ಪದ, ಎಲ್ಲ. ಅವಳು ಕೇಳುತ್ತಿದ್ದ ಪ್ರಶ್ನೆಗಳೇ ನನಗೆ ವಿಚಿತ್ರ. ಈ ಮಾತು ಯಾರಿಂದ ಕಲಿತೆ, ಅವರು ಯಾವ ಊರಿನವರು, ಅವರಿಗೆ ಯಾರು ಹೇಳಿಕೊಟ್ಟರು. ಪೊಲೀಸಿನವರು ಕೇಳುವ ಹಾಗೆ ಕೇಳುತ್ತಿದ್ದಳು. ಅವಳಿಗೆ ಗೊತ್ತಿಲ್ಲದ್ದೂ ಬೇಕಾದಷ್ಟಿತ್ತು. ಮಡ್ಲಕ್ಕಿ ಅಂದರೆ ಗೊತ್ತಿತ್ತು, ಆದರೆ ಅವಳು ನೋಡಿದ ಮಡ್ಲಕ್ಕಿ ಕಲ್ಯಾಣ ಮಂಟಪದಲ್ಲಿ ಜಿಪ್ಪು ಇರುವ ಚೀಲದಲ್ಲಿ ಮೊದಲೇ ತುಂಬಿಟ್ಟದ್ದು. ಒಳಗೆ ಏನೇನಿದೆ ಎಂದು ಬಿಚ್ಚಿ ನೋಡಿದವಳಲ್ಲ.

ಮೂರನೆಯ ಸಲ ಅವಳ ಜೊತೆ ಅವಳ ಗೈಡು ಬಂದರು. ಪಿಎಚ್‌ಡಿ ಮಾಡುವವರಿಗೆಲ್ಲ ಒಬ್ಬ ಗೈಡು ಇರಬೇಕಂತೆ, ಅವರು ಸಹಿ ಹಾಕದೆ ಯಾವುದೂ ಮುಂದಕ್ಕೆ ಹೋಗುವುದಿಲ್ಲವಂತೆ. ಕಾರಿನಿಂದ ಇಳಿದವರೇ ಒಳಗೆ ಬರುವ ಮುಂಚೆ ಮನೆಯ ಫೋಟೋ ತೆಗೆದರು. ಒರಳುಕಲ್ಲಿನ ಫೋಟೋ ತೆಗೆದರು, ಕೇಳದೆ ನನ್ನದನ್ನೂ ತೆಗೆದರು. ನಮ್ಮ ಮನೆಯಲ್ಲಿ ಕೂತು ನನ್ನ ಮೊಮ್ಮಗಳಿಗೆ, ಏನಮ್ಮ, ನೀರು ತಗೊಂಡು ಬಾ ಅಂದರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಹತ್ತಿರ ಒಟ್ಟು ಎಷ್ಟು ಹಾಡಿದ್ದಾವೆ ಅಜ್ಜಿ ಅಂದರು. ತೆಂಗಿನ ತೋಟ ಗುತ್ತಿಗೆಗೆ ಕೇಳಲು ಬರುವವರು ಮೊದಲು ಎಷ್ಟು ಮರ ಅನ್ನುತ್ತಾರಲ್ಲ, ಹಾಗೆ. ಎಣಿಸಿಲ್ಲ ಅಂದೆ.

“ಬೇರೆ ಯೂನಿವರ್ಸಿಟಿಯವರು ಯಾರಾದ್ರೂ ಬಂದ್ರೆ ಹಾಡ್ಬೇಡಿ ಅಜ್ಜಿ. ಇದು ನಮ್ಮ ಪ್ರಾಜೆಕ್ಟು,” ಅಂದರು. ನಕ್ಕರು.

ಮೊಮ್ಮಗಳ ಮುಖ ನೋಡಿದೆ. ಅವಳು ನೀರಿನ ಲೋಟ ಹಿಡಿದುಕೊಂಡು ನಿಂತಿದ್ದಳು. ಇವಳದ್ದು ಅನ್ನಲಿಲ್ಲ, ನಮ್ಮದು ಅಂದರಲ್ಲ ಎಂದು ನನಗೆ ಚುಚ್ಚಿತು.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ನಮ್ಮ ಕಾಲದ ಮದುವೆಯಲ್ಲಿ ಹೆಣ್ಣಿನ ಕಡೆಯವರು ಒಂದು ಕಡೆ, ಗಂಡಿನ ಕಡೆಯವರು ಒಂದು ಕಡೆ ಕೂತು ಹಾಡುತ್ತಿದ್ದರು. ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಹಾಡಿದರೆ ಸೋತ ಹಾಗೆ. ನನ್ನ ಅತ್ತೆ ಸುತ್ತಿನ ಹಳ್ಳಿಗಳಲ್ಲಿ ಹೆಸರಾದ ಹಾಡುಗಾತಿ. ಒಂದು ಸಲ ಅರಕಲಗೂಡಿನ ಕಡೆಯ ಹೆಂಗಸೊಬ್ಬಳು ನಮ್ಮತ್ತೆಯ ಪದವನ್ನು ಕೇಳಿಕೊಂಡು ಹೋಗಿ, ಮುಂದಿನ ಮದುವೆಯಲ್ಲಿ ನಮ್ಮತ್ತೆಯ ಎದುರೇ ತನ್ನದು ಎಂದು ಹಾಡಿದಳಂತೆ. ಅವತ್ತಿನಿಂದ ನಮ್ಮತ್ತೆ ಒಂದು ಪದ್ಧತಿ ಮಾಡಿಕೊಂಡರು. ಗುರುತಿಲ್ಲದ ಮುಖ ಕೂತಿದ್ದರೆ ಪದದಲ್ಲಿ ಒಂದು ವಸ್ತುವನ್ನು ಬದಲಾಯಿಸಿಬಿಡುವುದು. ಸಂಪಿಗೆ ಇರುವಲ್ಲಿ ಕನಕಾಂಬರ, ಹಸಿರು ಬಳೆ ಇರುವಲ್ಲಿ ಕೆಂಪು ಬಳೆ. ಮುಂದೆ ಯಾವುದೋ ಚಪ್ಪರದಲ್ಲಿ ಯಾರೋ ಕನಕಾಂಬರ ಎಂದು ಹಾಡಿದರೆ, ಆ ಪದ ಯಾವ ಬಾಗಿಲಿನಿಂದ ಹೊರಗೆ ಹೋಯಿತು ಎಂದು ಗೊತ್ತಾಗುತ್ತಿತ್ತು. ಕುರಿಯ ಕಿವಿಗೆ ಗುರುತು ಮಾಡುವ ಹಾಗೆ. ಮನೆಯ ಮದುವೆಯಲ್ಲಿ ಮಾತ್ರ ಸರಿಯಾದದ್ದು. ಸೊಸೆಯಾಗಿ ಬಂದ ನನಗೇ ಎಂಟು ವರ್ಷ ಅವರು ಈ ಗುಟ್ಟು ಹೇಳಿರಲಿಲ್ಲ. ಎಂಟು ವರ್ಷ ನಾನು ಕನಕಾಂಬರ ಅಂತಲೇ ಹಾಡಿಕೊಂಡಿದ್ದೆ.

ಅವತ್ತು ಗೈಡಿನ ಮುಂದೆ ನಾನು ಹಾಡಬೇಕಾಗಿದ್ದದ್ದು ಮಡಿಲು ತುಂಬುವ ಪದ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಮಡಿಲಿಗೆ ಏನೇನು ಹಾಕಿದಳು ಎಂದು ಹಾಡುವುದು. ನಾನು ಹೀಗೆ ಹಾಡಿದೆ:

ಅಕ್ಕಿಯ ಸುರಿದಾಳು, ಅಚ್ಚುಬೆಲ್ಲ ಸುರಿದಾಳು
ಹಿಡಿ ಉಪ್ಪ ಸುರಿದಾಳು ಹಡೆದವ್ವ, ಹೊಸಲ
ದಾಟೋ ಮಗಳ ಮಡಿಲೀಗೆ

ಉಪ್ಪಲ್ಲ ಅದು. ಕೊಬ್ಬರಿ ಗಿಟುಕು. ನಮ್ಮ ಕಡೆ ಮಡಿಲಿಗೆ ಉಪ್ಪು ಹಾಕುವುದು ಹಾಗಿರಲಿ, ಉಪ್ಪನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ಕೊಡುವುದೂ ಇಲ್ಲ, ಜಗಳ ಬರುತ್ತದೆ ಎಂದು ಕೆಳಗಿಟ್ಟು ತೆಗೆದುಕೊಳ್ಳುತ್ತೇವೆ. ನಮ್ಮತ್ತೆ ಇದ್ದಿದ್ದರೆ ಅಷ್ಟು ದೊಡ್ಡ ಗುರುತು ಹಾಕುತ್ತಿರಲಿಲ್ಲ. ನಾನು ಬೇಕೆಂದೇ ದೊಡ್ಡದು ಹಾಕಿದೆ. ಮೊಮ್ಮಗಳು ನಗುತ್ತಾಳೆ, ನಕ್ಕರೆ ನನ್ನ ಕಡೆಯವಳು, ಗೈಡಿಗೆ ಗೊತ್ತಾಗುವುದಿಲ್ಲ ಅಂದುಕೊಂಡೆ.

ಅವಳು ನಗಲಿಲ್ಲ. ಪೆನ್ನು ನಿಲ್ಲಿಸಿ, “ಉಪ್ಪಾ ಅಜ್ಜಿ?” ಅಂದಳು.

“ಊಂ. ಉಪ್ಪೇ.”

ಗೈಡು ನೆಟ್ಟಗೆ ಕೂತರು. ಇನ್ನೊಂದು ಸಲ ಹಾಡಿ ಅಂದರು. ಹಾಡಿದೆ. ಎರಡನೆಯ ಸಲಕ್ಕೆ ಉಪ್ಪು ನಾಲಿಗೆಯ ಮೇಲೆ ಸಲೀಸಾಗಿ ಬಂತು. ಅವರು ಅವಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಅವಳ ಮುಖ ಅರಳಿತು. ಅವರು ಹೋದ ಮೇಲೆ ಹೇಳೋಣ ಅಂದುಕೊಂಡಿದ್ದೆ. ಅವಳೂ ಅದೇ ಕಾರಿನಲ್ಲಿ ಹೋದಳು. ಫೋನಿನಲ್ಲಿ ಹೇಳಲು ನನಗೆ ಆ ಕೆಂಪು ಚುಕ್ಕೆಯ ಮೇಲೆ ಅನುಮಾನ. ಮುಂದಿನ ಸಲ ಅವಳು ಬಂದಾಗ ಹೇಳಬಹುದಿತ್ತು. ಹೇಳಲಿಲ್ಲ. ಗುರುತು ಎಂದ ಮೇಲೆ ಹಾಕಿದವಳಿಗೆ ಮಾತ್ರ ಗೊತ್ತಿರಬೇಕು ಅನ್ನಿಸಿತು. ಸತ್ಯ ಹೇಳಬೇಕೆಂದರೆ, ಅವಳು ಏನೇ ಕೇಳಿದರೂ ಅವರ ಹತ್ತಿರ ಒಯ್ಯುತ್ತಾಳೆ ಎಂಬ ಅನುಮಾನವೂ ಇತ್ತು.

ಒಂದೂವರೆ ವರ್ಷ ಕಳೆಯಿತು. ಅವಳು ಕೊರವಂಗಲದ ಕಡೆ ಹೋದಳು, ಅರಕಲಗೂಡು, ಹೊಳೆನರಸೀಪುರದ ಹಳ್ಳಿಗಳನ್ನು ಸುತ್ತಿದಳು. ಹೋದಲ್ಲೆಲ್ಲ ಕೇಳಿದ್ದು ಉಪ್ಪಿನ ವಿಷಯವನ್ನೇ ಎಂದು ನನಗೆ ಆಮೇಲೆ ತಿಳಿಯಿತು. ಎಲ್ಲರೂ ಇಲ್ಲ ಅಂದಿದ್ದಾರೆ. ಓದಿದ ಹುಡುಗಿ ಬಿಸಿಲಲ್ಲಿ ನಡೆದು ಬಂದು ಮತ್ತೆ ಮತ್ತೆ ಕೇಳಿದರೆ ಯಾರಾದರೂ ಎಷ್ಟು ಸಲ ಇಲ್ಲ ಅಂದಾರು. ಒಬ್ಬ ಮುದುಕಿ, ಇದ್ದಿರಬೋದು ಕಣವ್ವ, ನಾವು ಕಂಡಿಲ್ಲ ಅಂದಳಂತೆ. ಅದನ್ನೇ ಬರೆದುಕೊಂಡಿದ್ದಾಳೆ. ಮಿಕ್ಕವರು ಇಲ್ಲ ಅಂದದ್ದಕ್ಕೆ ಗೈಡಿನ ಹತ್ತಿರ ಉತ್ತರವಿತ್ತು. ಬೇರೆ ಎಲ್ಲೂ ಉಳಿದಿಲ್ಲ ಅಂದರೆ ಅದು ಬಹಳ ಹಳೆಯದು ಎಂದು ಅರ್ಥವಂತೆ.

ಹಾಸನದ ಒಂದು ಕಾಲೇಜಿನಲ್ಲಿ ಸೆಮಿನಾರ್ ಇದೆ, ಮಧ್ಯಾಹ್ನ ನಾನು ಮಾತಾಡುತ್ತೇನೆ, ಬಾ ಅಜ್ಜಿ ಅಂದಳು. ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತಿ ಹೋದೆ. ಹಿಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂರಿಸಿದಳು. ಬೆಳಿಗ್ಗೆ ಮೂರನೆಯವರಾಗಿ ಮಾತಾಡಲು ಎದ್ದವರು ಗೈಡು.

ಅವರು ಚೆನ್ನಾಗಿ ಮಾತಾಡುತ್ತಾರೆ, ಅದನ್ನು ಇಲ್ಲ ಅನ್ನುವುದಿಲ್ಲ. ಒಂದು ಕಾಲದಲ್ಲಿ ಘಟ್ಟದ ಕೆಳಗಿನಿಂದ ಉಪ್ಪಿನ ಗಾಡಿಗಳು ನಮ್ಮ ಸೀಮೆಗೆ ಹತ್ತಿ ಬರುತ್ತಿದ್ದವು, ಉಪ್ಪು ಚಿನ್ನದ ಹಾಗೆ ಇತ್ತು, ತಾಯಂದಿರು ಮಗಳ ಮಡಿಲಿಗೆ ಅದನ್ನೇ ಹಾಕುತ್ತಿದ್ದರು, ಆಮೇಲೆ ಆ ಆಚಾರ ಅಳಿದು ಉಪ್ಪು ಕೈಗೆ ಕೊಡಬಾರದೆಂಬ ನಂಬಿಕೆಯಾಗಿ ಉಳಿಯಿತು ಅಂದರು. ಕೈ ಎತ್ತಿ, ತಾನು ಕ್ಷೇತ್ರಕಾರ್ಯದಲ್ಲಿ ಕಂಡುಕೊಂಡ ಒಂದು ಸಾಲು ಎಂದು ಹೇಳಿ, ನನ್ನ ಪದ ಓದಿದರು. ಹಿಡಿ ಉಪ್ಪ ಸುರಿದಾಳು ಹಡೆದವ್ವ. ಜನ ಚಪ್ಪಾಳೆ ತಟ್ಟಿದರು. ಈ ವಿಷಯದ ಮೇಲೆ ತಾನು ಬರೆದ ಲೇಖನ ಅಚ್ಚಾಗಿದೆ ಎಂದೂ ಹೇಳಿದರು.

ಕಳ್ಳ ಸಿಕ್ಕಿದ. ಅಷ್ಟು ವರ್ಷದ ಮೇಲೆ ನಮ್ಮತ್ತೆಯ ಬುದ್ಧಿ ಕೆಲಸ ಮಾಡಿತು ಎಂದು ಒಳಗೊಳಗೇ ಹಿಗ್ಗಿದೆ. ಹಿಗ್ಗಿಕೊಂಡು ಪಕ್ಕಕ್ಕೆ ತಿರುಗಿದರೆ ಮೊಮ್ಮಗಳು ತನ್ನ ತೊಡೆಯ ಮೇಲಿದ್ದ ಹಾಳೆಗಳನ್ನು ತಲೆಕೆಳಗಾಗಿ ಮಗುಚಿ ಇಟ್ಟುಕೊಂಡಿದ್ದಳು. ಅವಳು ಮಧ್ಯಾಹ್ನ ಹೇಳಬೇಕೆಂದಿದ್ದದ್ದೂ ಅದನ್ನೇ. ಮಧ್ಯಾಹ್ನ ಎದ್ದು ಬಳೆಯ ಪದದ ಬಗ್ಗೆ ನಾಲ್ಕು ಮಾತು ಹೇಳಿ ಕೂತಳು.

ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದಳು. ಗೈಡುಗಳು ಹಾಗೆ ಮಾಡುವುದು ಉಂಟು, ಬಾಯಿ ಮುಚ್ಚಿಕೊಂಡು ಇದ್ದರೆ ಡಿಗ್ರಿ ಬರುತ್ತದೆ ಅಂದಳು. ಥೀಸಿಸ್ಸಿನ ಮೂರನೆಯ ಚಾಪ್ಟರು ಪೂರ್ತಿ ಉಪ್ಪಿನದ್ದೇ, ತೊಂಬತ್ತು ಪುಟ, ಎರಡು ತಿಂಗಳಲ್ಲಿ ಕೊಡಬೇಕು ಅಂದಳು. ನನ್ನ ಹಿಗ್ಗು ಅಲ್ಲೇ ಇಳಿಯಿತು. ಬಸ್ಸು ಬಂತು, ಹತ್ತಿ ಕೂತೆ. ನಾನು ಒಡ್ಡಿದ ಉರುಳಿನಲ್ಲಿ ಒಂದು ಕಾಲು ಅವರದ್ದು, ಇನ್ನೊಂದು ನಮ್ಮ ಹುಡುಗಿಯದ್ದು.

ಊಟ ಬಿಟ್ಟೆ, ನಿದ್ದೆಗೆಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಊಟ ಸೇರಿತು, ನಿದ್ದೆಯೂ ಬಂತು. ಆದರೆ ಸಾರಿಗೆ ಉಪ್ಪು ಹಾಕುವಾಗಲೆಲ್ಲ ಆ ತೊಂಬತ್ತು ಪುಟ ನೆನಪಾಗುತ್ತಿತ್ತು. ನಾಲ್ಕನೆಯ ದಿನ ಮತ್ತೆ ಹಾಸನಕ್ಕೆ ಹೋದೆ. ಪಿ.ಜಿ.ಯೊಳಗೆ ಹೊರಗಿನವರನ್ನು ಬಿಡುವುದಿಲ್ಲ, ಮೆಟ್ಟಿಲಿನ ಮೇಲೆ ಕೂತೆವು. ಫೋನು ರೂಮಿನಲ್ಲಿಟ್ಟು ಬಾ ಅಂದೆ. ಇಟ್ಟು ಬಂದಳು.

“ಮಡ್ಲಿಗೆ ಉಪ್ಪು ಆಕ್ದೋಳು ನಾನು,” ಅಂದೆ. “ಪದದಾಗೆ ಇರ್ನಿಲ್ಲ. ಅದು ಕೊಬ್ರಿ ಗಿಟ್ಕು.”

ಅವಳು ನನ್ನ ಕಡೆ ಪೂರ್ತಿ ತಿರುಗಿ ಕೂತಳು. ಆಮೇಲೆ ಯಾಕೆ ಅಂದಳು.

“ನಿಮ್ ಮೇಷ್ಟ್ರನ್ನ ಇಡಿಯಕ್ಕೆ.”

“ನಾನೂ ಅಲ್ಲೇ ಕೂತಿದ್ನಲ್ಲ ಅಜ್ಜಿ.”

ನಮ್ಮತ್ತೆಯ ಪದ್ಧತಿಯನ್ನು ವಿವರಿಸಿದೆ. ಅದನ್ನು ಕೇಳಿಸಿಕೊಂಡಳು, ಆದರೆ ಮುಖ ಬದಲಾಗಲಿಲ್ಲ.

“ಅಂದ್ರೆ ನಾನೂ ಕಳ್ಳಿ ಅಂತ್ಲೇ ಅಂದ್ಕೊಂಡಿದ್ದೆ.”

“ಊಂ ಕಣವ್ವ. ಅವತ್ತು ಅಂದ್ಕಂಡಿದ್ದೆ.”

ಇಲ್ಲ ಎಂದು ಹೇಳಬಹುದಿತ್ತು. ಒಂದು ಸುಳ್ಳಿನಿಂದ ಆಗಿದ್ದು ಸಾಕಿತ್ತು. ಬೇಕಾದರೆ ಹಾಗೆಯೇ ಕೊಟ್ಟುಬಿಡು, ನಾನು ಸಾಯುವವರೆಗೂ ಬಾಯಿ ಬಿಡುವುದಿಲ್ಲ ಅಂದೆ. ಅದಕ್ಕೆ ಅವಳು ನಕ್ಕಳು, ಆದರೆ ಒಳ್ಳೆಯ ನಗುವಲ್ಲ. ನೀನು ಬಾಯಿ ಬಿಡುವುದಿಲ್ಲ ಸರಿ, ಕೊನೆಯಲ್ಲಿ ವೈವಾ ಅಂತ ಇರುತ್ತದೆ, ಹೊರಗಿನವರು ಬಂದು ಪ್ರಶ್ನೆ ಕೇಳುತ್ತಾರೆ, ಅವರಲ್ಲಿ ಮಡ್ಲಕ್ಕಿ ಕಟ್ಟಿಸಿಕೊಂಡ ಹೆಂಗಸು ಒಬ್ಬಳಿದ್ದರೆ ನನ್ನ ಐದು ವರ್ಷ ಅಲ್ಲೇ ಹೋಯಿತು ಅಂದಳು. ಎದ್ದು ಒಳಗೆ ಹೋದಳು. ಟೀ ಕುಡೀತೀಯಾ ಎಂದೂ ಕೇಳಲಿಲ್ಲ.

ಎರಡು ವಾರ ಫೋನಿಲ್ಲ. ಅರಕಲಗೂಡಿನಿಂದ ಮಗಳು ಮಾತ್ರ ದಿನಾ ಫೋನು ಮಾಡಿ ನನ್ನನ್ನು ಬಯ್ದಳು. ಬಯ್ಯಿಸಿಕೊಂಡೆ. ಒಂದು ಭಾನುವಾರ ಮೊಮ್ಮಗಳು ಹೇಳದೆ ಕೇಳದೆ ಬಂದಳು. ಕೈಯಲ್ಲಿ ಫೋನಿರಲಿಲ್ಲ, ನೋಟ್ ಬುಕ್ಕಿತ್ತು. ನಿನ್ನ ಅತ್ತೆ ಯಾವ ಯಾವ ಪದಕ್ಕೆ ಏನೇನು ಗುರುತು ಹಾಕುತ್ತಿದ್ದರು, ಹೇಳು ಅಂದಳು. ಹೊಳೆನರಸೀಪುರದ ಕಡೆಯ ಇಬ್ಬರು ಹಾಡುಗಾತಿಯರನ್ನು ಮತ್ತೆ ಹೋಗಿ ಕೇಳಿದ್ದಳಂತೆ. ಅಂಥ ಗುರುತು ಇಲ್ಲವೇ ಇಲ್ಲ ಎಂದು ಮೊದಲು ಅಂದವರು, ನಮ್ಮಜ್ಜಿ ಹೀಗೆ ಮಾಡಿದಳು ಎಂದು ಇವಳು ಹೇಳಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕು, ತಾವೂ ಮಾಡುತ್ತಿದ್ದೆವು ಎಂದು ಒಪ್ಪಿಕೊಂಡರಂತೆ. ಇನ್ನು ಮೂರನೆಯ ಚಾಪ್ಟರು ಉಪ್ಪಿನದ್ದಲ್ಲ, ಹೆಂಗಸರು ತಮ್ಮ ಪದವನ್ನು ಹೇಗೆ ಕಾಯ್ದುಕೊಂಡರು ಎಂಬುದರದ್ದು ಅಂದಳು. ಅವತ್ತು ಸಂಜೆಯವರೆಗೂ ಹೇಳಿದೆ. ಪ್ರತಿ ಪದಕ್ಕೂ ಅವಳು, ಇದು ಗುರುತು ಹಾಕಿದ್ದೋ ಹಾಕದ್ದೋ ಎಂದು ಎರಡೆರಡು ಸಲ ಕೇಳಿದಳು. ಆ ಕೇಳುವ ರೀತಿ ನನಗೆ ಇಷ್ಟವಾಯಿತು.

ಗೈಡು ಒಪ್ಪಬೇಕಲ್ಲ. ಅವರ ರೂಮಿಗೆ ಇಬ್ಬರೂ ಹೋದೆವು. ಅವಳು ಹೇಳಿದ್ದನ್ನು ಪೂರ್ತಿ ಕೇಳಿ, ನನ್ನ ಕಡೆ ತಿರುಗಿ ನಕ್ಕರು.

“ವಯಸ್ಸಾದ ಮೇಲೆ ನೆನಪು ಹಿಂದೆ ಮುಂದೆ ಆಗುತ್ತೆ ಅಜ್ಜಿ. ಅವತ್ತು ನೀವು ಹಾಡಿದ್ದೇ ಸರಿ. ರೆಕಾರ್ಡಿಂಗ್ ಇದೆ.”

ನನ್ನ ಪದ ನನಗೇ ಗೊತ್ತಿಲ್ಲ ಎಂದು ಹೇಳಿಸಿಕೊಳ್ಳಲು ಹಾಸನಕ್ಕೆ ಬಂದ ಹಾಗಾಯಿತು. ಅಷ್ಟರಲ್ಲಿ ಅಲ್ಲಿ ಗುಡಿಸಿ ಟೀ ತರುವ ಹೆಂಗಸು ಬಂದಳು. ಮಾತಿನ ರೀತಿಯಲ್ಲೇ ಅರಕಲಗೂಡಿನ ಕಡೆಯವಳೆಂದು ತಿಳಿಯುತ್ತಿತ್ತು. ನಿಮ್ಮ ಕಡೆ ಮಗಳ ಮಡಿಲಿಗೆ ಉಪ್ಪು ಹಾಕುತ್ತಾರೇನವ್ವ ಎಂದು ಕೇಳಿದೆ. ಅವಳು ಲೋಟ ಇಡುವುದನ್ನು ಬಿಟ್ಟು ಮೂರು ಜನರ ಮುಖವನ್ನೂ ನೋಡಿದಳು.

“ಮಗ್ಳು ಸಂಸಾರ ಕೆಡ್ಲಿ ಅಂತ ಇದ್ರೆ ಆಕ್ಬೋದು ಸಾ,” ಎಂದು ನನಗಲ್ಲ, ಗೈಡಿಗೆ ಹೇಳಿದಳು. “ಯಾವೂರಲ್ಲಿ ಸಾ ಇಂಗ್ ಮಾಡಾದು?”

ಗೈಡು ಟೀ ಬಿಸಿಯಿದ್ದ ಹಾಗೆಯೇ ಕುಡಿದರು. ಅವಳು ಹೋದ ಮೇಲೂ ಹೊರಗೆ ಇನ್ನೊಬ್ಬಳಿಗೆ ಹೇಳಿಕೊಂಡು ನಗುತ್ತಿದ್ದದ್ದು ಕೇಳಿಸುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರು, ಸರಿ, ಹಾಡಿದವರು ಬರೆದುಕೊಟ್ಟರೆ ಚಾಪ್ಟರು ಬದಲಾಯಿಸಲು ಅಭ್ಯಂತರವಿಲ್ಲ ಅಂದರು. ಕಂಪ್ಯೂಟರಿನಲ್ಲಿ ತಾವೇ ಟೈಪು ಮಾಡಿ, ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ನನ್ನ ಮುಂದಿಟ್ಟರು. ಇದಕ್ಕೊಂದು ಸಹಿ ಹಾಕಿ ಅಜ್ಜಿ, ಇವಳ ಥೀಸಿಸ್ಸಿಗೆ ನಾನು ಹಾಕುತ್ತೇನೆ ಅಂದರು. ನಕ್ಕರು.

ನಾನು ಕನ್ನಡಕ ತೆಗೆದು ಹಾಕಿಕೊಂಡೆ. ಅಕ್ಷರದ ಕೆಳಗೆ ಬೆರಳಿಟ್ಟು ಓದಲು ಶುರು ಮಾಡಿದೆ. ನಿಧಾನ ಆಗುತ್ತದೆ, ಆಗಲಿ. ಗೈಡು ಗಡಿಯಾರ ನೋಡಿದರು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು. ವಯೋಸಹಜ ಮರೆವಿನಿಂದಾಗಿ ತಪ್ಪಾಗಿ ಹಾಡಿದ್ದು ಎಂದು ಬರೆದಿತ್ತು. ಕೂಡಿಸಿಕೊಂಡು ಓದಿದೆ, ಇನ್ನೊಂದು ಸಲ ಓದಿದೆ. ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟೆ.

ಮೊಮ್ಮಗಳು ನನ್ನನ್ನು ವರಾಂಡಾಕ್ಕೆ ಕರೆದುಕೊಂಡು ಹೋದಳು. ಅವಳ ಕಣ್ಣು ಕೆಂಪಾಗಿತ್ತು.

“ಹಾಕ್ಬಿಡು ಅಜ್ಜಿ. ಮರೆವು ಅಂದ್ರೆ ನಿಂಗೇನಾಯ್ತು? ಅವರ ಸಹಿ ಬೇಕು ನಂಗೆ.”

“ನಂಗೇನೂ ಆಗಕಿಲ್ಲ,” ಅಂದೆ. “ಮರ್ತು ಆಡ್ದೆ ಅಂದ್ರೆ ಗುರ್ತು ಎಲ್ಲಿ ಉಳೀತು? ಮುದ್ಕಿ ಮರ್ತ್ಲು ಅಂತ ಆಯ್ತು. ನಿನ್ ಹೊಸಾ ಚಾಪ್ಟ್ರು ಯಾವುದ್ರ ಮೇಲೆ ನಿಲ್ತದೆ, ಯೋಳು.”

ಅವಳು ಗೋಡೆಗೆ ಒರಗಿಕೊಂಡಳು. ನಾನು ಹೊಳೆನರಸೀಪುರದ ಆ ಕಾಗದದ ವಿಷಯವನ್ನು ಅಲ್ಲೇ ನಿಂತುಕೊಂಡು ಹೇಳಿದೆ, ದೋಸೆಯನ್ನೂ ಸೇರಿಸಿ. ಅವಳಮ್ಮನಿಗೂ ಅಷ್ಟು ವಿವರವಾಗಿ ಹೇಳಿರಲಿಲ್ಲ. ಅವಳು ನೋಟ್ ಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟಳು.

ವರಾಂಡಾದ ಬೆಂಚಿನ ಮೇಲೆ ಕೂತು ನಾನೇ ಬರೆದೆ. ದಿನಸಿ ಚೀಟಿಗಿಂತ ಉದ್ದದ್ದನ್ನು ಬರೆದು ಎಷ್ಟೋ ವರ್ಷವಾಗಿತ್ತು. ಒತ್ತಕ್ಷರ ಬಂದಲ್ಲೆಲ್ಲ ನಿಂತೆ. ಮೊಮ್ಮಗಳು ಹೇಳಿಕೊಡಲು ಬಗ್ಗಿದಾಗ ಆ ಕಡೆ ಹೋಗು ಅಂದೆ. ಇಷ್ಟು ಬರೆದೆ: ಈ ಪದಕ್ಕೆ ಉಪ್ಪು ಹಾಕಿದವಳು ನಾನು. ಮರೆತು ಹಾಕಿದ್ದಲ್ಲ, ಬೇಕೆಂದು ಹಾಕಿದ್ದು. ಸರಿಯಾದದ್ದು ಕೊಬ್ಬರಿ ಗಿಟುಕು. ಹಾಡುವಾಗ ಮೊಮ್ಮಗಳೂ ಮೇಷ್ಟರೂ ಇಬ್ಬರೂ ಎದುರಿಗೆ ಕೂತಿದ್ದರು. ಕೆಳಗೆ ಸಹಿ ಹಾಕಿದೆ. ಉಳಿದ ಜಾಗದಲ್ಲಿ ಬೇರೆ ಯಾರೂ ಏನೂ ಬರೆಯದ ಹಾಗೆ ಉದ್ದಕ್ಕೆ ಒಂದು ಗೀಟು ಎಳೆದೆ.

ಗೈಡು ಓದಿದರು. ಕೊನೆಯ ಸಾಲು ಬೇಡ, ಅದನ್ನು ತೆಗೆದುಬಿಡಿ ಅಂದರು. ತೆಗೆಯುವುದಿಲ್ಲ ಅಂದೆ. ಕಾಗದ ಮೇಜಿನ ಮೇಲೆ ಅವರ ಕಡೆಗೂ ಅಲ್ಲದೆ ನನ್ನ ಕಡೆಗೂ ಅಲ್ಲದೆ ಬಿದ್ದಿತ್ತು. ಆಗ ಮೊಮ್ಮಗಳು ಮೆಲ್ಲಗೆ, ಸರ್, ನಿಮ್ಮ ಲೇಖನದ ವಿಷಯ ನನ್ನ ಥೀಸಿಸ್ಸಿನಲ್ಲಿ ಎಲ್ಲೂ ಬರುವುದಿಲ್ಲ ಅಂದಳು. ಅವರು ಅವಳನ್ನೇ ನೋಡಿದರು. ಬಿಟ್ಟು ಹೋಗಿ, ನೋಡುತ್ತೇನೆ ಅಂದರು. ಜೆರಾಕ್ಸ್ ಮಾಡಿಸಿ ಜೆರಾಕ್ಸನ್ನು ಬಿಟ್ಟು ಬಂದೆವು.

ಅವರಿಬ್ಬರ ನಡುವೆ ಆದ ಆ ಒಪ್ಪಂದ ನನಗೆ ಸರಿಬರಲಿಲ್ಲ. ಕದ್ದವನ ಹೆಸರು ಹೇಳದೆ ಬಿಟ್ಟರೆ ಗುರುತು ಹಾಕಿ ಏನು ಬಂತು. ಆದರೆ ಡಿಗ್ರಿ ಅವಳದ್ದು, ಆ ಐದು ವರ್ಷಕ್ಕೆ ಅಪಾಯ ತಂದವಳು ನಾನು. ಬಾಯಿ ಮುಚ್ಚಿಕೊಂಡೆ. ಮೂರು ವಾರ ಸತಾಯಿಸಿ ಅವರು ಸಹಿ ಹಾಕಿದರು. ಅವರ ಲೇಖನ ಅಚ್ಚಾದದ್ದು ಹಾಗೆಯೇ ಇದೆ. ಮುಂದೆ ಯಾರಾದರೂ ಅದನ್ನು ನೋಡಿ ಉಪ್ಪಿನ ಮೇಲೆ ಇನ್ನೊಂದು ಲೇಖನ ಬರೆದರೆ ಎಲ್ಲಿಂದ ತಂದರು ಎಂದು ನನಗೆ ಗೊತ್ತಾಗುತ್ತದೆ.

ವೈವಾಕ್ಕೆ ಬಂದವರಲ್ಲಿ ಒಬ್ಬರು ಹೆಂಗಸಂತೆ. ಮೂರನೆಯ ಚಾಪ್ಟರು ತೆಗೆದು, ನಿಮ್ಮ ಅಜ್ಜಿ ಈಗ ನಿಮಗೆ ಹೇಳಿದ್ದೆಲ್ಲ ಸರಿ ಎಂದು ನೀವು ಹೇಗೆ ನಂಬುತ್ತೀರಿ ಎಂದು ಕೇಳಿದರಂತೆ. ನಂಬುವುದಿಲ್ಲ, ಪ್ರತಿಯೊಂದನ್ನೂ ಇನ್ನಿಬ್ಬರನ್ನು ಕೇಳಿ ನೋಡಿದ್ದೇನೆ ಎಂದು ನಮ್ಮ ಹುಡುಗಿ ಉತ್ತರ ಕೊಟ್ಟಳಂತೆ. ಡಿಗ್ರಿ ಬಂತು.

ಹೊಲಿದು ಗಟ್ಟಿ ರಟ್ಟು ಹಾಕಿಸಿದ ಪುಸ್ತಕ ತೆಗೆದುಕೊಂಡು ಅವಳು ಊರಿಗೆ ಬಂದಾಗ ಅದರೊಳಗೆ ಆ ಹಳೆಯ ಒಪ್ಪಿಗೆ ಪತ್ರವೂ ಇತ್ತು. ಈಗಲಾದರೂ ಹಾಕುತ್ತೀಯಾ ಅಂದಳು. ಓದಿದೆ. ಕನ್ನಡದ ಕೆಳಗೆ ಹಾಕಿದೆ, ಇಂಗ್ಲಿಷಿನ ಕೆಳಗೆ ಹಾಕಲಿಲ್ಲ. ಅವಳು ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಕೊನೆಯ ಪುಟ ತೆಗೆದೆ. ನಾನು ಬರೆದ ಹಾಳೆಯನ್ನು ಹಾಗೆಯೇ ಜೆರಾಕ್ಸ್ ಮಾಡಿ ಅಂಟಿಸಿದ್ದರು. ಬೆರಳಿಟ್ಟು ಸಾಲು ಸಾಲಾಗಿ ನೋಡಿದೆ. ನಾಲ್ಕು ಸಾಲು, ಸಹಿ, ಗೀಟು. ಯಾರೂ ಏನೂ ಸೇರಿಸಿರಲಿಲ್ಲ. ಉಳಿದ ಪುಟಗಳನ್ನು ಮೊದಲಿನಿಂದ ದಿನಕ್ಕೆ ಎರಡರಂತೆ ನೋಡುತ್ತಿದ್ದೇನೆ.